ಎಂಜಿನ್ ದೀಪ ಉರಿದಾಗ: ಬಿಡಿಭಾಗ ಬದಲಿಸುವ ಮುನ್ನ ಕಾರಣ ಹುಡುಕುವ ಕ್ರಮ

ಮೂರು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ನನ್ನ ಪೆಟ್ರೋಲ್ ಕಾರಿನ ಮೀಟರ್ ಫಲಕದಲ್ಲಿ ಹಳದಿ ಬಣ್ಣದ ಎಂಜಿನ್ ದೀಪ ಹೊತ್ತಿಕೊಂಡಿತು. ಗಾಡಿ ಓಡುವುದರಲ್ಲಿ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಗ್ಯಾರೇಜ್‌ನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0135 ಎಂಬ ಕೋಡ್ ಬಂತು. ಅದರ ಕೆಳಗೆ ‘ಆಕ್ಸಿಜನ್ ಸೆನ್ಸರ್ ಹೀಟರ್ ಸರ್ಕ್ಯೂಟ್’ ಎಂಬ ವಿವರಣೆ ಇತ್ತು; ಹೊರಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವುದು ಈ ಸೆನ್ಸರಿನ ಕೆಲಸ. ಸೆನ್ಸರ್ ಹೋಗಿದೆ ಎಂದು ಹೇಳಿ ಹೊಸದನ್ನು ಹಾಕಿದರು, ಬಿಲ್ ಆರು ಸಾವಿರ ರೂಪಾಯಿ ದಾಟಿತು. ಎರಡನೆಯ ದಿನ ಸಂಜೆ ಮನೆಗೆ ಬರುವಷ್ಟರಲ್ಲಿ ಅದೇ ದೀಪ, ಅದೇ ಕೋಡ್.

ಆಮೇಲೆ ಆ ಗಾಡಿಯನ್ನು ನೋಡಿದವರು ವಯಸ್ಸಾದ ಒಬ್ಬ ಕಾರ್ ಎಲೆಕ್ಟ್ರಿಷಿಯನ್. ಗ್ಯಾರೇಜಿನವರು ತೆಗೆದು ಇಟ್ಟಿದ್ದ ಹಳೆಯ ಸೆನ್ಸರನ್ನು ಅವರು ಕೇಳಿ ತರಿಸಿಕೊಂಡು, ಅದರ ಒಂದೇ ಬಣ್ಣದ ಎರಡು ಹೀಟರ್ ವೈರ್‌ಗಳಿಗೆ ಮಲ್ಟಿಮೀಟರ್ ಹಿಡಿದರು. 6.2 ಓಮ್ ತೋರಿಸಿತು. ಅಂದರೆ ಹೀಟರಿನ ತಂತಿ ತುಂಡಾಗಿರಲಿಲ್ಲ. ಬಳಿಕ ಗಾಡಿಯ ಕಡೆಯ ಕಪ್ಲರ್ (ವೈರುಗಳನ್ನು ಜೋಡಿಸುವ ತುದಿ) ಬಿಚ್ಚಿ, ಎಂಜಿನ್ ಚಾಲೂ ಮಾಡಿಸಿ, ವೋಲ್ಟೇಜ್ ನೋಡಿದರು. ಸೊನ್ನೆ. “ಸಾರ್, ಸೆನ್ಸರ್ ಚೆನ್ನಾಗೇ ಇದೆ, ಸೆನ್ಸರ್‌ಗೆ ಕರೆಂಟೇ ಬರ್ತಾ ಇಲ್ಲ,” ಎಂದರು. ಗೇರ್‌ಬಾಕ್ಸಿನ ಮೇಲೆ ಹಾದುಹೋಗುವ ವೈರಿಂಗ್ ಕಟ್ಟಿನ ಕಪ್ಪು ಟೇಪನ್ನು ಬೆರಳಿನಿಂದ ಸರಿಸಿದಾಗ, ಒಂದು ವೈರಿನ ಮೇಲೆ ಸಣ್ಣ ಸಣ್ಣ ಹಲ್ಲಿನ ಗುರುತು, ಅದರ ನಡುವೆ ಹಸಿರು ಹಿಡಿದು ತುಂಡಾದ ತಾಮ್ರ ಕಾಣಿಸಿತು. ಇಲಿ ಕಡಿದಿತ್ತು. ಒಂದು ಗೇಣು ವೈರ್, ಬೆಸುಗೆ, ಮೇಲೊಂದು ಹೀಟ್ ಶ್ರಿಂಕ್ ಕೊಳವೆ. ಅಷ್ಟರಲ್ಲಿ ಕೆಲಸ ಮುಗಿಯಿತು.

ಕೋಡ್‌ನಲ್ಲಿ ‘ಸರ್ಕ್ಯೂಟ್’, ಅಂದರೆ ವಿದ್ಯುತ್ ಹರಿಯುವ ದಾರಿ, ಎಂಬ ಪದ ಮೊದಲಿನಿಂದಲೂ ಇತ್ತು. ಅದನ್ನು ಯಾರೂ ಓದಿರಲಿಲ್ಲ, ನಾನೂ ಓದಿರಲಿಲ್ಲ. ಎಂಜಿನ್ ಕಂಪ್ಯೂಟರ್ ಹೇಳುವುದು ತನ್ನ ಕಣ್ಣಿಗೆ ಬಿದ್ದ ಲಕ್ಷಣವನ್ನು. ಯಾವ ಬಿಡಿಭಾಗ ಕೆಟ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ, ಹೇಳಲು ಅದಕ್ಕೆ ದಾರಿಯೂ ಇಲ್ಲ. ಆ ಲಕ್ಷಣದಿಂದ ಕಾರಣದವರೆಗೆ ಹೋಗುವ ದಾರಿಯನ್ನು ಮನೆಯ ಮುಂದೆಯೇ ಬಹುಮಟ್ಟಿಗೆ ಕ್ರಮಿಸಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇನೆ. ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲದವರು ಕೂಡ ಅರ್ಧ ದಾರಿ ಹೋಗಬಹುದು. ಉಳಿದರ್ಧವನ್ನು ಗ್ಯಾರೇಜಿಗೆ ಒಪ್ಪಿಸುವಾಗ ಏನು ಕೇಳಬೇಕೆಂಬುದಾದರೂ ತಿಳಿದಿರುತ್ತದೆ.

ದೀಪ ಏಕೆ ಉರಿಯುತ್ತದೆ

ಈ ದೀಪದ ಮೂಲ ಉದ್ದೇಶ ಹೊಗೆಯ ಮಾಲಿನ್ಯದ ಮೇಲೆ ಕಣ್ಣಿಡುವುದು. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಒಬಿಡಿ-2 ಎಂಬ ಏಕರೂಪದ ತಪಾಸಣಾ ವ್ಯವಸ್ಥೆ ಕಡ್ಡಾಯವಾಯಿತು. ನಮ್ಮಲ್ಲಿ ಬಿಎಸ್-4 (ಭಾರತ್ ಸ್ಟೇಜ್) ಹೊಗೆ ನಿಯಮಗಳ ಜೊತೆಯಲ್ಲಿ ಮೊದಲ ಹಂತದ ಒಬಿಡಿ ಬಂದು, 2013ರ ಏಪ್ರಿಲ್‌ನಿಂದ ಒಬಿಡಿ-2 ಜಾರಿಯಾಯಿತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಈ ನಿಗಾವನ್ನು ಇನ್ನಷ್ಟು ಬಿಗಿ ಮಾಡಿತು. ಹಾಗಾಗಿ ಗಾಡಿ ಚೆನ್ನಾಗಿಯೇ ಓಡುತ್ತಿದ್ದರೂ ದೀಪ ಉರಿಯುವುದು ಸಹಜ.

ಹೆಚ್ಚಿನ ದೋಷಗಳ ವಿಷಯದಲ್ಲಿ ಕಂಪ್ಯೂಟರ್ ಒಂದೇ ಸಲಕ್ಕೆ ದೀಪ ಹಚ್ಚುವುದಿಲ್ಲ. ಮೊದಲ ಓಡಾಟದಲ್ಲಿ ದೋಷ ಕಂಡರೆ ಅದನ್ನು ಬಾಕಿ ಕೋಡ್ ಎಂದು ಬರೆದಿಟ್ಟುಕೊಳ್ಳುತ್ತದೆ. ಎರಡನೆಯ ಓಡಾಟದಲ್ಲೂ ಕಂಡರೆ ಖಚಿತ ಕೋಡ್ ಎಂದು ದಾಖಲಿಸಿ ದೀಪ ಹಚ್ಚುತ್ತದೆ. ಆಮೇಲೆ ಸತತ ಮೂರು ಓಡಾಟಗಳಲ್ಲಿ ದೋಷ ಕಾಣದಿದ್ದರೆ ದೀಪ ತಾನಾಗಿ ಆರುತ್ತದೆ, ಆದರೆ ಕೋಡ್ ಮಾತ್ರ ಸಾಮಾನ್ಯವಾಗಿ ಎಂಜಿನ್ 40 ಸಲ ತಣ್ಣಗಾಗಿ ಬಿಸಿಯಾಗುವವರೆಗೆ ನೆನಪಿನಲ್ಲಿ ಉಳಿಯುತ್ತದೆ. ಮಳೆಯಲ್ಲಿ ಉರಿದು ಬಿಸಿಲು ಬಂದ ಮೇಲೆ ಆರುವ ದೀಪದ ಹಿಂದಿರುವುದು ಈ ಲೆಕ್ಕವೇ.

ಮೊದಲು ನಿಲ್ಲಿಸಬೇಕೇ, ಓಡಿಸಬಹುದೇ ಎಂಬುದನ್ನು ನಿರ್ಧರಿಸಿ

ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದು, ಗಾಡಿಯ ಪಿಕಪ್, ಶಬ್ದ, ತಾಪಮಾನ ಎಂದಿನಂತೆಯೇ ಇದ್ದರೆ ಗಾಬರಿಪಡುವ ಅಗತ್ಯವಿಲ್ಲ. ನಿಧಾನವಾಗಿ ಮನೆಗೆ ಬಂದು ಪರೀಕ್ಷೆ ಮಾಡಬಹುದು. ದೀಪ ಮಿನುಗುತ್ತಿದ್ದರೆ ಮಾತು ಬೇರೆ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಹಸಿಯಾಗಿಯೇ ಸೈಲೆನ್ಸರಿನ ಕಡೆಗೆ ಹೋಗುತ್ತಿದೆ ಎಂದು ಅದರ ಅರ್ಥ. ಆ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗೆ ಉರಿದು ಅದರ ಜೇನುಗೂಡಿನಂತಹ ಒಳಭಾಗವನ್ನೇ ಕರಗಿಸಬಲ್ಲದು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪವಿರುವ ಆ ಭಾಗ ಹೊರಹೊಗೆ ವ್ಯವಸ್ಥೆಯಲ್ಲೇ ಬಹಳ ದುಬಾರಿಯಾದದ್ದು. ಆದ್ದರಿಂದ ವೇಗ ತಗ್ಗಿಸಿ, ಆಕ್ಸಿಲರೇಟರ್ ಒತ್ತದೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಕೆಂಪು ಆಯಿಲ್ ದೀಪ ಉರಿದರೆ, ಅಥವಾ ತಾಪಮಾನದ ಮುಳ್ಳು ಮೇಲೇರಿದರೆ, ಆ ಕ್ಷಣವೇ ಎಂಜಿನ್ ಆಫ್ ಮಾಡಬೇಕು. ಅಲ್ಲಿಂದ ಮುಂದೆ ಟೋಯಿಂಗ್ ಗಾಡಿಯೇ ಅಗ್ಗ.

ಕೋಡ್ ಅಳಿಸಬೇಡಿ, ಬ್ಯಾಟರಿ ಬಿಚ್ಚಬೇಡಿ

ದೀಪ ಆರಿಸಲೆಂದು ಬ್ಯಾಟರಿಯ ಟರ್ಮಿನಲ್ ಕಳಚಿ ಹತ್ತು ನಿಮಿಷ ಬಿಡುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ದೀಪವೇನೋ ಆರುತ್ತದೆ, ಜೊತೆಗೆ ಸಾಕ್ಷ್ಯವೂ ಅಳಿದುಹೋಗುತ್ತದೆ. ದೋಷ ಕಂಡ ಕ್ಷಣದಲ್ಲಿ ಎಂಜಿನಿನ ವೇಗ, ಗಾಡಿಯ ವೇಗ, ಕೂಲಂಟ್ ತಾಪಮಾನ, ಎಂಜಿನ್ ಮೇಲಿನ ಹೊರೆ, ಇಂಧನದ ತಿದ್ದುಪಡಿ ಎಷ್ಟೆಷ್ಟಿತ್ತು ಎಂಬುದನ್ನು ಕಂಪ್ಯೂಟರ್ ಒಂದು ಛಾಯಾಚಿತ್ರದಂತೆ ಉಳಿಸಿರುತ್ತದೆ. ಇದನ್ನು ಫ್ರೀಜ್ ಫ್ರೇಮ್ ಎನ್ನುತ್ತಾರೆ. ಪತ್ತೆಯ ಕೆಲಸದಲ್ಲಿ ಇದರಷ್ಟು ಬೆಲೆಬಾಳುವ ಮಾಹಿತಿ ಇನ್ನೊಂದಿಲ್ಲ, ಕೋಡ್ ಅಳಿಸಿದ ಕೂಡಲೇ ಇದೂ ಹೋಗುತ್ತದೆ.

ಸ್ಕ್ಯಾನರಿಗೆ ಮುಂಚೆ ಒಂದು ಕಾಗದ ತೆಗೆದುಕೊಂಡು ಬರೆಯಿರಿ. ದೀಪ ಉರಿದದ್ದು ಬೆಳಿಗ್ಗೆ ತಣ್ಣಗಿದ್ದಾಗಲೋ, ಘಟ್ಟ ಹತ್ತುವಾಗಲೋ, ಸಿಗ್ನಲ್ಲಿನಲ್ಲಿ ನಿಂತಾಗಲೋ? ಅದಕ್ಕೆ ಮುಂಚಿನ ಒಂದು ವಾರದಲ್ಲಿ ಏನೇನಾಯಿತು? ಸರ್ವೀಸ್ ಆಗಿತ್ತೇ, ಏರ್ ಫಿಲ್ಟರ್ ತೆಗೆದು ಹಾಕಿದ್ದರೇ, ಬಾನೆಟ್ ಎತ್ತಿ ಎಂಜಿನಿಗೆ ನೀರು ಹೊಡೆದು ತೊಳೆದಿದ್ದರೇ, ಹೊಸ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದಿರೇ, ಅಂಡರ್‌ಪಾಸಿನಲ್ಲಿ ನಿಂತ ನೀರಿನೊಳಗೆ ಗಾಡಿ ದಾಟಿಸಿದಿರೇ? ಸರ್ವೀಸ್ ಆದ ಎರಡನೆಯ ದಿನ ಉರಿದ ದೀಪಕ್ಕೆ, ಆ ಸರ್ವೀಸಿನಲ್ಲಿ ಕೈಯಾಡಿಸಿದ ಜಾಗದಲ್ಲೇ ಕಾರಣವಿರುವ ಸಾಧ್ಯತೆ ಹೆಚ್ಚು.

ಕೋಡ್ ಓದುವುದು, ಮತ್ತು ಪೂರ್ತಿ ಓದುವುದು

ಸ್ಟೀರಿಂಗಿನ ಕೆಳಗೆ, ಚಾಲಕನ ಮೊಣಕಾಲಿನ ಆಸುಪಾಸಿನಲ್ಲಿ, 16 ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಸಣ್ಣ ಸ್ಕ್ಯಾನರ್ ಈಗ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ. ಅಗ್ಗದ ನಕಲುಗಳಲ್ಲಿ ಕೆಲವು ಎಲ್ಲ ಕಾರುಗಳ ಜೊತೆ ಮಾತಾಡುವುದಿಲ್ಲವಾದ್ದರಿಂದ, ವಾಪಸ್ ಮಾಡುವ ಅವಕಾಶವಿರುವ ಕಡೆ ಕೊಳ್ಳುವುದು ಒಳ್ಳೆಯದು. ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಎಂಜಿನ್ ಚಾಲೂ ಮಾಡದೆ, ಖಚಿತ ಕೋಡ್‌ಗಳು, ಬಾಕಿ ಕೋಡ್‌ಗಳು ಮತ್ತು ಫ್ರೀಜ್ ಫ್ರೇಮ್ ಮೂರನ್ನೂ ಓದಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಸ್ಕ್ಯಾನರನ್ನು ಕಳಚಿಡಬೇಕು. ಆ ಸಾಕೆಟ್‌ಗೆ ಬ್ಯಾಟರಿಯ ವಿದ್ಯುತ್ ಸದಾ ಇರುವುದರಿಂದ, ವಾರಗಟ್ಟಲೆ ಅಲ್ಲೇ ಬಿಟ್ಟರೆ ಬ್ಯಾಟರಿ ಇಳಿಯಬಹುದು.

ಕೋಡ್‌ನ ಮೊದಲ ಅಕ್ಷರ ‘ಪಿ’ ಎಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್, ‘ಯು’ ಎಂದರೆ ಕಂಪ್ಯೂಟರುಗಳ ನಡುವಿನ ಸಂಪರ್ಕ. ಅದರ ನಂತರದ ಅಂಕಿ 0 ಆಗಿದ್ದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ. 1 ಆಗಿದ್ದರೆ ಆ ಕಂಪನಿಯದೇ ಅರ್ಥ. ಹಾಗಾಗಿ ಪಿ1ರಿಂದ ಶುರುವಾಗುವ ಕೋಡ್‌ಗೆ ಇನ್ನೊಂದು ಕಂಪನಿಯ ಕಾರಿನ ವಿವರಣೆಯನ್ನು ಹಚ್ಚಬಾರದು. ಮೂರನೆಯ ಸ್ಥಾನದಲ್ಲಿ 1 ಅಥವಾ 2 ಇದ್ದರೆ ಇಂಧನ ಮತ್ತು ಗಾಳಿ, 3 ಇದ್ದರೆ ಕಿಡಿ ಮತ್ತು ಮಿಸ್ಸಿಂಗ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು), 4 ಇದ್ದರೆ ಹೊಗೆ ನಿಯಂತ್ರಣ.

ಇದಕ್ಕಿಂತ ಮುಖ್ಯವಾದದ್ದು ವಿವರಣೆಯ ಕೊನೆಯ ಪದ. ‘ಸರ್ಕ್ಯೂಟ್’, ‘ಸರ್ಕ್ಯೂಟ್ ಲೋ’, ‘ಸರ್ಕ್ಯೂಟ್ ಹೈ’ ಎಂದಿದ್ದರೆ ಮೊದಲು ವೈರ್, ಕಪ್ಲರ್, ಫ್ಯೂಸ್ ಮತ್ತು ಅರ್ಥ್ (ವಿದ್ಯುತ್ ಬ್ಯಾಟರಿಗೆ ಮರಳುವ ಸಂಪರ್ಕ) ನೋಡಬೇಕು, ಸೆನ್ಸರಿನ ಸರದಿ ಕೊನೆಗೆ. ‘ರೇಂಜ್/ಪರ್ಫಾರ್ಮೆನ್ಸ್’ ಎಂದಿದ್ದರೆ ಸಂಕೇತ ಬರುತ್ತಿದೆ, ಆದರೆ ಉಳಿದ ಸೆನ್ಸರುಗಳ ಮಾತಿಗೆ ಅದು ಹೊಂದುತ್ತಿಲ್ಲ ಎಂದರ್ಥ. ‘ಸಿಸ್ಟಂ ಟೂ ಲೀನ್’ ಎಂಬಂತಹ ಕೋಡ್‌ನಲ್ಲಿ ಯಾವ ಬಿಡಿಭಾಗದ ಹೆಸರೂ ಇಲ್ಲ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂಬ ವರದಿ ಮಾತ್ರ ಇದೆ. ಆ ವರದಿ ಕೊಟ್ಟದ್ದು ಆಕ್ಸಿಜನ್ ಸೆನ್ಸರ್ ಎಂಬ ಒಂದೇ ಕಾರಣಕ್ಕೆ ಅದನ್ನು ಕಿತ್ತು ಬಿಸಾಡುವುದನ್ನು ಎಷ್ಟೋ ಕಡೆ ಕಂಡಿದ್ದೇನೆ, ಪ್ರತಿ ಸಲವೂ ಬೇಸರವಾಗಿದೆ.

ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಕೋಡ್‌ಗಳು ಒಟ್ಟಿಗೆ ಬಂದರೆ ಐದಾರು ಭಾಗಗಳು ಒಟ್ಟಿಗೆ ಕೆಟ್ಟಿವೆ ಎಂದು ತಿಳಿಯಬೇಡಿ. ಬ್ಯಾಟರಿ, ಅರ್ಥ್ ಕೇಬಲ್, ಅವೆಲ್ಲಕ್ಕೂ ಸೇರಿ ಇರುವ ಒಂದು ಫ್ಯೂಸ್, ಅಥವಾ ಸೆನ್ಸರುಗಳಿಗೆ ಹೋಗುವ 5 ವೋಲ್ಟಿನ ಸಾಮಾನ್ಯ ಸರಬರಾಜು, ಇವುಗಳಲ್ಲಿ ಒಂದನ್ನು ಅನುಮಾನಿಸಿ.

ಕಣ್ಣಿನಿಂದ ಮಾಡುವ ಪರೀಕ್ಷೆ

ಎಂಜಿನ್ ತಣ್ಣಗಿರುವಾಗ, ಬೆಳಕಿರುವ ಬಯಲಿನಲ್ಲಿ ಬಾನೆಟ್ ಎತ್ತಿ. ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದಾದ್ದರಿಂದ ಕೈಯನ್ನೂ ಸೆರಗು-ಶಾಲುಗಳನ್ನೂ ಅದರಿಂದ ದೂರವಿಡಿ, ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ. ಹಳದಿ ಬಣ್ಣದ ಕಪ್ಲರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು. ಅವುಗಳಿಗೆ ಮೀಟರ್ ಹಿಡಿಯಲೇಬಾರದು.

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.4ರಿಂದ 12.6 ವೋಲ್ಟ್ ಇರಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5. ಹೊಸ ಕಾರುಗಳಲ್ಲಿ ಆಲ್ಟರ್ನೇಟರನ್ನು ಕಂಪ್ಯೂಟರೇ ನಿಯಂತ್ರಿಸುವುದರಿಂದ ಈ ಅಂಕಿ ಕೆಲವೊಮ್ಮೆ ಇಳಿಯುವುದುಂಟು. ಟರ್ಮಿನಲ್ಲುಗಳ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ತೆಗೆದು, ಬಿಗಿ ಮಾಡಿ. ಅರ್ಥ್ ಕೇಬಲ್ ನೋಡಲು ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನಿನ ಬರಿಯ ಲೋಹಕ್ಕೂ ಹಿಡಿದು, ಹೆಡ್‌ಲೈಟ್, ಎಸಿ ಎಲ್ಲ ಹಾಕಿ ಎಂಜಿನ್ ಓಡಿಸಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ದಾರಿಯಲ್ಲೇ ತೊಂದರೆಯಿದೆ.

ಆಮೇಲೆ ಇಲಿ-ಹೆಗ್ಗಣದ ಕುರುಹು. ಕಡಲೆಕಾಯಿ ಸಿಪ್ಪೆ, ಹತ್ತಿ, ಹಿಕ್ಕೆ, ಬಾನೆಟ್ಟಿನ ಕೆಳಗಿನ ಹೊದಿಕೆಯ ಚೂರು, ಇವು ಕಂಡರೆ ವೈರಿಂಗನ್ನು ಬೆರಳಿನಿಂದ ಸವರುತ್ತಾ ಹೋಗಿ. ಕಣ್ಣಿಗೆ ಕಾಣದ ಅಡಿಭಾಗದಲ್ಲೇ ಅವು ಕಡಿಯುವುದು. ಮರದ ಕೆಳಗೆ, ಚರಂಡಿಯ ಪಕ್ಕ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲಿಸುವ ಗಾಡಿಗಳಲ್ಲಿ ಇದನ್ನು ಮೊದಲೇ ನೋಡಿಬಿಡುವುದು ಒಳಿತು. ಹೊಗೆಸೊಪ್ಪಿನ ಕಟ್ಟು ತೂಗುಹಾಕುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಆದರೆ ಅದು ವೈರ್ ನೋಡುವ ಕೆಲಸವನ್ನು ತಪ್ಪಿಸುವುದಿಲ್ಲ.

ಕೋಡ್ ಹೇಳಿದ ಸೆನ್ಸರಿನ ಕಪ್ಲರನ್ನು ಕೀಲಿ ಆಫ್ ಇರುವಾಗ ಬಿಚ್ಚಿ ನೋಡಿ. ಒಳಗೆ ಹಸಿರು ಹಿಡಿದಿದೆಯೇ, ನೀರಿದೆಯೇ, ಪಿನ್ ಒಳಗೆ ಸರಿದಿದೆಯೇ? ಮಲೆನಾಡಿನ ಮಳೆಗೂ ಕರಾವಳಿಯ ಉಪ್ಪುಗಾಳಿಗೂ ಇದೇ ಮೊದಲ ಗುರಿ. ವಿದ್ಯುತ್ ಸಂಪರ್ಕಗಳಿಗೆಂದೇ ಇರುವ ಕ್ಲೀನರಿನಿಂದ ತೊಳೆದು, ಒಣಗಿಸಿ, ಟಕ್ ಎಂದು ಲಾಕ್ ಬೀಳುವಂತೆ ಹಾಕಿ. ಎಷ್ಟೋ ದೀಪಗಳು ಇಷ್ಟಕ್ಕೇ ಆರಿವೆ. ಕೊನೆಗೆ ಏರ್ ಫಿಲ್ಟರಿನ ಡಬ್ಬಿಯ ಕ್ಲಿಪ್ಪುಗಳು, ಗಾಳಿಯ ಕೊಳವೆಯ ಮಡಿಕೆಗಳು, ಸಣ್ಣ ರಬ್ಬರ್ ಪೈಪುಗಳ ತುದಿಗಳು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ.

ಲೈವ್ ಡೇಟಾ ಏನು ಹೇಳುತ್ತದೆ

ಸೆನ್ಸರುಗಳ ಅಂಕಿಗಳನ್ನು ಆ ಕ್ಷಣದಲ್ಲೇ ತೋರಿಸುವ ಸ್ಕ್ಯಾನರಿನ ಪುಟವೇ ಲೈವ್ ಡೇಟಾ. ಇಲ್ಲಿ ಅವಸರ ಮಾಡದೆ ಕುಳಿತರೆ ಸ್ಕ್ಯಾನರಿನ ಬೆಲೆ ಒಂದೇ ದಿನದಲ್ಲಿ ವಾಪಸ್ ಬರುತ್ತದೆ.

ಬೆಳಿಗ್ಗೆ, ಎಂಜಿನ್ ಚಾಲೂ ಮಾಡುವ ಮುನ್ನ, ಕೂಲಂಟ್ ತಾಪಮಾನವನ್ನೂ ಒಳಬರುವ ಗಾಳಿಯ ತಾಪಮಾನವನ್ನೂ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡೂ ಹೊರಗಿನ ಹವೆಗೆ ಹೆಚ್ಚುಕಡಿಮೆ ಸಮವಾಗಿರಬೇಕು. ಹೊರಗೆ 22 ಡಿಗ್ರಿ ಇರುವಾಗ ಕೂಲಂಟ್ ಸೆನ್ಸರ್ ಮೈನಸ್ 40 ತೋರಿಸಿದರೆ ಅದರ ವೈರ್ ಕಡಿದಿದೆ ಅಥವಾ ಕಪ್ಲರ್ ಬಿಚ್ಚಿದೆ ಎಂದು ತಿಳಿಯಬಹುದು. ಏಕೆಂದರೆ ಈ ಸೆನ್ಸರುಗಳ ಪ್ರತಿರೋಧ ತಣ್ಣಗಾದಷ್ಟೂ ಏರುತ್ತದೆ, ಕಡಿದ ವೈರನ್ನು ಕಂಪ್ಯೂಟರ್ ವಿಪರೀತ ಚಳಿ ಎಂದೇ ಓದುತ್ತದೆ.

ಒಳಗಿನ ಗಾಳಿಯ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರ್ ಇರುವ ಗಾಡಿಯಲ್ಲಿ, ಕೀಲಿ ಆನ್ ಮಾಡಿ ಎಂಜಿನ್ ಚಾಲೂ ಮಾಡದಿದ್ದಾಗ ಬರುವ ಅಂಕಿ ಆ ಊರಿನ ವಾಯುಭಾರವೇ ಆಗಿರಬೇಕು. ಮಂಗಳೂರಿನಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್. ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 91. ಪುಸ್ತಕದಲ್ಲಿ 101 ಎಂದಿದೆ, ನನ್ನ ಗಾಡಿಯಲ್ಲಿ 91 ಬರುತ್ತಿದೆ ಎಂದು ಬೆಂಗಳೂರಿನವರು ಸೆನ್ಸರ್ ಬದಲಿಸಬೇಕಾಗಿಲ್ಲ. ಎಂಜಿನ್ ಬಿಸಿಯಾಗಿ ಎಸಿ ಆಫ್ ಇದ್ದು ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ನಿಂತಾಗ ಸಾಮಾನ್ಯವಾಗಿ 30ರಿಂದ 40ರ ನಡುವೆ ಇರುತ್ತದೆ.

ಇನ್ನು ಇಂಧನದ ತಿದ್ದುಪಡಿ. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಶೇ. ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಬಿಡಬೇಕಾಗಿ ಬಂದಿದೆ ಎಂಬುದನ್ನು ಎರಡು ಅಂಕಿಗಳು ತೋರಿಸುತ್ತವೆ: ಕ್ಷಣಕ್ಷಣಕ್ಕೂ ಬದಲಾಗುವ ಅಲ್ಪಾವಧಿಯದು, ನಿಧಾನವಾಗಿ ನೆಲೆಗೊಳ್ಳುವ ದೀರ್ಘಾವಧಿಯದು. ಎರಡನ್ನೂ ಕೂಡಿಸಿ ನೋಡಿ. ಶೇ. 10ರ ಒಳಗಿದ್ದರೆ ಚಿಂತೆ ಬೇಡ. ಪ್ಲಸ್ 20ರ ಕಡೆಗೆ ಹೊರಟಿದ್ದರೆ ಗಾಳಿ ಜಾಸ್ತಿಯಾಗುತ್ತಿದೆ ಅಥವಾ ಪೆಟ್ರೋಲ್ ಸಾಲುತ್ತಿಲ್ಲ. ಎಥನಾಲ್ ಬೆರೆತ ಪೆಟ್ರೋಲಿಗೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕಾಗುತ್ತದೆ: ಶುದ್ಧ ಪೆಟ್ರೋಲಿಗೆ ಗಾಳಿ-ಇಂಧನದ ಪ್ರಮಾಣ 14.7ಕ್ಕೆ 1, ಎಥನಾಲಿಗೆ 9ಕ್ಕೆ 1. ಹಾಗಾಗಿ ಶೇ. 10ರ ಮಿಶ್ರಣಕ್ಕೆ ಹೊಂದಿಸಿದ ಹಳೆಯ ಕಾರಿಗೆ ಶೇ. 20ರ ಮಿಶ್ರಣ ಹಾಕಿದಾಗ ತಿದ್ದುಪಡಿ ನಾಲ್ಕು ಅಂಕದಷ್ಟು ಮೇಲೇರುವುದು ದೋಷವಲ್ಲ. ಆದರೆ ಮೊದಲೇ ಪ್ಲಸ್ 15ರಲ್ಲಿದ್ದ ಗಾಡಿಯನ್ನು ಆ ನಾಲ್ಕು ಅಂಕಗಳು ದೀಪ ಉರಿಯುವ ಗೆರೆಯಾಚೆಗೆ ತಳ್ಳಬಹುದು.

ಗಾಳಿ ಜಾಸ್ತಿ ಎಂಬ ಕೋಡ್ (ಪಿ0171) ಬಂದಾಗ ಈ ತಿದ್ದುಪಡಿಯನ್ನು ಐಡಲಿನಲ್ಲಿ ಒಮ್ಮೆ, 2,500 ಆರ್‌ಪಿಎಮ್‌ನಲ್ಲಿ ಒಮ್ಮೆ, ಚಡಾವಿನಲ್ಲಿ ಒಮ್ಮೆ ಬರೆದುಕೊಳ್ಳಿ. ಚಡಾವಿನ ಅಂಕಿಯನ್ನು ಪಕ್ಕದಲ್ಲಿ ಕುಳಿತವರು ಓದಬೇಕು. ಐಡಲಿನಲ್ಲಿ ಹೆಚ್ಚಿದ್ದು ಆರ್‌ಪಿಎಮ್ ಏರಿಸಿದಾಗ ಇಳಿದರೆ ಥ್ರಾಟಲಿನ (ಗಾಳಿ ಒಳಬಿಡುವ ಕವಾಟ) ಆಚೆ ಎಲ್ಲೋ ಗಾಳಿ ಒಳನುಸುಳುತ್ತಿದೆ: ಸೀಳಿದ ರಬ್ಬರ್ ಪೈಪ್, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರಿನ ಕೊಳವೆ. ಐಡಲಿನಲ್ಲಿ ಸರಿಯಿದ್ದು ಹೊರೆ ಬಿದ್ದಾಗ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ: ಕಟ್ಟಿದ ಫಿಲ್ಟರ್, ದುರ್ಬಲ ಪಂಪ್, ಇಂಜೆಕ್ಟರ್; ಇಲ್ಲವೇ ಗಾಳಿ ಅಳೆಯುವ ಮಾಫ್ ಸೆನ್ಸರಿನ ತಂತಿಗೆ ಧೂಳು ಕೂತಿದೆ.

ಒಂದು ಸೂಕ್ಷ್ಮವಿದೆ, ಅನುಭವಿಗಳೂ ಇಲ್ಲಿ ಎಡವುತ್ತಾರೆ. ಮಾಫ್ ಸೆನ್ಸರ್ ಇರುವ ಗಾಡಿಯಲ್ಲಿ ಆ ಸೆನ್ಸರಿನ ನಂತರ ಎಲ್ಲಿ ಗಾಳಿ ನುಸುಳಿದರೂ ಅದು ಲೆಕ್ಕಕ್ಕೆ ಸಿಗದ ಗಾಳಿ, ಹಾಗಾಗಿ ತಿದ್ದುಪಡಿ ಏರುತ್ತದೆ. ಮ್ಯಾಪ್ ಸೆನ್ಸರ್ ಮಾತ್ರ ಇರುವ ಗಾಡಿಯಲ್ಲಿ ನುಸುಳಿದ ಗಾಳಿಯೂ ಒತ್ತಡವಾಗಿ ಅಳತೆಗೆ ಸಿಗುವುದರಿಂದ, ತಿದ್ದುಪಡಿ ಅಷ್ಟಾಗಿ ಏರದೆ ಐಡಲ್ ಆರ್‌ಪಿಎಮ್ ಏರುವುದೇ ಹೆಚ್ಚು. ಅಂತಹ ಗಾಡಿಯಲ್ಲಿ ಪಿ0171 ಬಂದರೆ ಪೆಟ್ರೋಲಿನ ಒತ್ತಡವನ್ನೂ, ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಸೈಲೆನ್ಸರ್ ಪೈಪಿನಲ್ಲಿ ಸೋರಿಕೆಯಿದೆಯೇ ಎಂಬುದನ್ನೂ ಮೊದಲು ನೋಡಬೇಕು. ಅಲ್ಲಿ ಬಿರುಕಿದ್ದರೆ ಹೊರಗಿನ ಗಾಳಿ ಒಳಗೆ ಎಳೆಯಲ್ಪಟ್ಟು, ಸೆನ್ಸರ್ ಸುಳ್ಳು ವರದಿ ಕೊಡುತ್ತದೆ. ಬಿರುಕಿನ ಸುತ್ತ ಕಪ್ಪು ಮಸಿ ಮತ್ತು ತಣ್ಣಗಿರುವಾಗ ಕೇಳುವ ಟಿಕ್ ಟಿಕ್ ಸದ್ದು ಅದರ ಗುರುತು. ಸೋರಿಕೆ ಹುಡುಕಲು ಬಿಸಿ ಎಂಜಿನಿನ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸುವುದು ಬೆಂಕಿಗೆ ಆಹ್ವಾನ. ಗ್ಯಾರೇಜಿನ ಹೊಗೆ ಯಂತ್ರದಿಂದ ಮಾಡಿಸುವ ಸ್ಮೋಕ್ ಟೆಸ್ಟ್ ಸುರಕ್ಷಿತ ಮತ್ತು ನಿಖರ.

ಮಿಸ್ಸಿಂಗ್: ಅದಲು ಬದಲು ಪರೀಕ್ಷೆ

ಪಿ0302 ಎಂದರೆ ಎರಡನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್. ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವ ನಾಲ್ಕು ಕಾಯಿಲುಗಳನ್ನೂ ಬದಲಿಸಿ ಎನ್ನುವವರ ಮಾತಿಗೆ ಒಪ್ಪುವ ಮುನ್ನ, ಎಂಜಿನ್ ಆಫ್ ಮಾಡಿ ತಣ್ಣಗಾದ ಮೇಲೆ, ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಕಾಯಿಲುಗಳನ್ನು ಅದಲು ಬದಲು ಮಾಡಿ. ಕೋಡ್ ಬರೆದಿಟ್ಟುಕೊಂಡು ಅಳಿಸಿ, ಓಡಿಸಿ. ಪಿ0303 ಬಂದರೆ ದೋಷ ಕಾಯಿಲಿನ ಜೊತೆ ಹೋಗಿದೆ. ಒಂದು ಕಾಯಿಲ್ ಸಾಕು. ಪಿ0302 ಉಳಿದರೆ ಪ್ಲಗ್ ಅದಲು ಬದಲು ಮಾಡಿ ನೋಡಿ. ಆಮೇಲೂ ಉಳಿದರೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಕಾಯಿಲ್ ತೆಗೆದಾಗ ಪ್ಲಗ್ಗಿನ ಗುಂಡಿಯೊಳಗೆ ಟಾರ್ಚ್ ಬಿಡಿ. ವಾಟರ್ ಸರ್ವೀಸ್ ಮಾಡಿಸಿದ ಗಾಡಿಯಲ್ಲಿ ಅಲ್ಲಿ ನೀರು ನಿಂತಿರುತ್ತದೆ. ವಾಲ್ವ್ ಕವರಿನ ಸೀಲ್ ಹೋಗಿದ್ದರೆ ಆಯಿಲ್ ಇರುತ್ತದೆ. ಎರಡೂ ಹೊಸ ಕಾಯಿಲನ್ನೂ ಹಾಳು ಮಾಡುತ್ತವೆ.

ಸಿಎನ್‌ಜಿ ಗಾಡಿಯಾದರೆ ಒಂದು ದಿನ ಪೆಟ್ರೋಲಿನಲ್ಲೇ ಓಡಿಸಿ ನೋಡಿ. ಗ್ಯಾಸ್ ಹೊತ್ತಿಸಲು ಹೆಚ್ಚಿನ ವೋಲ್ಟೇಜಿನ ಕಿಡಿ ಬೇಕಾದ್ದರಿಂದ ಸವೆದ ಪ್ಲಗ್ ಮತ್ತು ದುರ್ಬಲ ಕಾಯಿಲಿನ ದೋಷ ಅಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ.

ಕನ್ವರ್ಟರ್ ಕೋಡ್ ಬಂದಾಗ

ಪಿ0420 ಬಂದರೆ ಕನ್ವರ್ಟರಿನ ದಕ್ಷತೆ ಕಡಿಮೆ ಎಂದರ್ಥ, ಮತ್ತು ದೊಡ್ಡ ಮೊತ್ತದ ಅಂದಾಜುಪಟ್ಟಿ ಕೈಗೆ ಬರುವುದೂ ಈ ಕೋಡ್‌ನಿಂದಲೇ. ಕನ್ವರ್ಟರಿನ ಮುಂದಿನ ಆಕ್ಸಿಜನ್ ಸೆನ್ಸರ್ ಸಾಂಪ್ರದಾಯಿಕ ಜಿರ್ಕೋನಿಯಾ ಬಗೆಯದಾಗಿದ್ದರೆ 0.1 ಮತ್ತು 0.9 ವೋಲ್ಟಿನ ನಡುವೆ ಒಂದೇ ಸಮ ಏರಿಳಿಯಬೇಕು; ಹಿಂದಿನದು, ಎಂಜಿನ್ ಚೆನ್ನಾಗಿ ಕಾದು 2,500 ಆರ್‌ಪಿಎಮ್‌ನಲ್ಲಿ ಎರಡು-ಮೂರು ನಿಮಿಷ ನಿಂತ ಮೇಲೆ, 0.6ರಿಂದ 0.8ರ ಸುಮಾರಿಗೆ ಹೆಚ್ಚು ಅಲುಗಾಡದೆ ಇರಬೇಕು. ಹಿಂದಿನದೂ ಮುಂದಿನದರಂತೆಯೇ ಕುಣಿಯುತ್ತಿದ್ದರೆ ಕನ್ವರ್ಟರಿನ ಮೇಲೆ ಅನುಮಾನ ಪಡಬಹುದು. ಆಗಲೂ ಎರಡು ಸೆನ್ಸರುಗಳ ನಡುವೆ ಪೈಪ್ ಸೋರುತ್ತಿದೆಯೇ ಎಂದು ನೋಡಿ, ಮಿಸ್ಸಿಂಗ್ ಅಥವಾ ಆಯಿಲ್ ಉರಿಯುವ ತೊಂದರೆ ಇದೆಯೇ ಎಂದು ವಿಚಾರಿಸಿ. ಕನ್ವರ್ಟರನ್ನು ಕೊಂದ ಕಾರಣ ಎಂಜಿನಿನಲ್ಲೇ ಉಳಿದಿದ್ದರೆ ಹೊಸದಕ್ಕೂ ಅದೇ ಗತಿ.

ಡೀಸೆಲ್ ಗಾಡಿಗಳದು ಪ್ರತ್ಯೇಕ ವಿಷಯ. ಬಿಎಸ್-6 ಡೀಸೆಲ್ ಕಾರು ದಿನವೂ ಎರಡು-ಮೂರು ಕಿಲೋಮೀಟರ್ ಮಾತ್ರ ಓಡಿದರೆ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತನ್ನನ್ನು ತಾನು ಸುಟ್ಟು ಸ್ವಚ್ಛ ಮಾಡಿಕೊಳ್ಳಲು ಸಮಯ ಸಿಗುವುದಿಲ್ಲ. ಆ ಫಿಲ್ಟರಿನ ದೀಪ ಉರಿದಾಗ ಮಾಲೀಕರ ಕೈಪಿಡಿ ಹೇಳುವಂತೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ ನೋಡುವುದು ಮೊದಲ ಮದ್ದು.

ಗ್ಯಾರೇಜಿನಲ್ಲಿ ಕೇಳಬೇಕಾದದ್ದು

ವಾರಂಟಿ ಇರುವ ಗಾಡಿಯಾದರೆ ವೈರ್ ಕತ್ತರಿಸುವ, ಕಪ್ಲರ್ ಸೀಳುವ ಯಾವ ಕೆಲಸವನ್ನೂ ಮಾಡದೆ ಸ್ಕ್ರೀನ್‌ಶಾಟ್ ಹಿಡಿದು ಕಂಪನಿಯ ಸರ್ವೀಸ್ ಸೆಂಟರಿಗೇ ಹೋಗಿ. ಉಳಿದಂತೆ, ನಂಬಿಕೆಯ ಮೆಕ್ಯಾನಿಕ್‌ಗೆ ನೇರವಾಗಿಯೇ ಹೇಳಬಹುದು: “ಅಣ್ಣ, ಪಾರ್ಟ್ ಹಾಕೋದಕ್ಕೆ ಮುಂಚೆ ಅದು ಹೋಗಿದೆ ಅನ್ನೋದನ್ನ ಮೀಟರಲ್ಲಿ ತೋರಿಸಿ, ಚೆಕ್ ಮಾಡಿದ್ದಕ್ಕೆ ಚಾರ್ಜ್ ಬೇರೆ ತಗೊಳ್ಳಿ.” ಈ ಕೊನೆಯ ಮಾತು ಮುಖ್ಯ. ಒಂದು ಗಂಟೆ ಕುಳಿತು ಹುಡುಕಿದ್ದಕ್ಕೆ ನಾವು ದುಡ್ಡು ಕೊಡುವುದಿಲ್ಲ, ಬಿಡಿಭಾಗಕ್ಕೆ ಮಾತ್ರ ಕೊಡುತ್ತೇವೆ. ಹಾಗಿರುವಾಗ ಬಿಡಿಭಾಗ ಬದಲಿಸುವುದೇ ಅವರಿಗೂ ಸುಲಭದ ದಾರಿಯಾಗುತ್ತದೆ. ಬದಲಿಸಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿ. ಹೊಸದನ್ನು ಕೊಳ್ಳುವಾಗ ಹಳೆಯದರ ಮೇಲಿನ ಪಾರ್ಟ್ ನಂಬರನ್ನು ತಾಳೆ ನೋಡಿ, ನೋಡಲು ಒಂದೇ ರೀತಿ ಇರುವ ಆಕ್ಸಿಜನ್ ಸೆನ್ಸರುಗಳು ಒಳಗೆ ಬೇರೆಯೇ ಆಗಿರಬಹುದು. ಕೆಲವು ಗಾಡಿಗಳಲ್ಲಿ ಥ್ರಾಟಲ್ ಬಾಡಿ ಅಥವಾ ಡೀಸೆಲ್ ಇಂಜೆಕ್ಟರ್ ಬದಲಿಸಿದರೆ ಅದನ್ನು ಕಂಪ್ಯೂಟರಿಗೆ ಕಲಿಸುವ ಕೆಲಸವೂ ಇರುತ್ತದೆ. ಅದಿಲ್ಲದಿದ್ದರೆ ಹೊಸ ಭಾಗವೂ ಕೆಟ್ಟದ್ದರಂತೆಯೇ ವರ್ತಿಸುತ್ತದೆ.

ದುರಸ್ತಿಯಾದ ಮೇಲೆ

ಈಗ ಕೋಡ್ ಅಳಿಸಿ. ಅಳಿಸಿದ ಕೂಡಲೇ ಸ್ಕ್ಯಾನರಿನ ‘ರೆಡಿನೆಸ್’ ಪುಟದಲ್ಲಿ ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್, ಸೆನ್ಸರ್ ಹೀಟರ್ ಮುಂತಾದ ಪರೀಕ್ಷೆಗಳು ಅಪೂರ್ಣ ಎಂದು ಕಾಣುತ್ತವೆ. ದೀಪ ಆರಿರುವುದನ್ನು ನೋಡಿ ಸಮಾಧಾನಪಡಬೇಡಿ, ಕಂಪ್ಯೂಟರ್ ಇನ್ನೂ ಪರೀಕ್ಷೆಯನ್ನೇ ಮಾಡಿಲ್ಲ. ಬೆಳಿಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿ, ಊರೊಳಗೆ ಸ್ವಲ್ಪ, ರಿಂಗ್ ರೋಡಿನಲ್ಲಿ ಹತ್ತು-ಹದಿನೈದು ನಿಮಿಷ ಒಂದೇ ವೇಗದಲ್ಲಿ ಸ್ವಲ್ಪ, ಹೀಗೆ ಎರಡು-ಮೂರು ದಿನ ಓಡಿಸಿ. ಆ ಪರೀಕ್ಷೆಗಳು ಪೂರ್ಣ ಎಂದಾದ ಮೇಲೆ ಬಾಕಿ ಕೋಡ್‌ಗಳ ಪುಟವನ್ನು ಮತ್ತೊಮ್ಮೆ ತೆರೆಯಿರಿ. ನನ್ನ ಗಾಡಿಯಲ್ಲಿ ಮೂರನೆಯ ದಿನ ಸಂಜೆ ಹೀಟರ್ ಪರೀಕ್ಷೆ ಪೂರ್ಣ ಎಂದು ತೋರಿಸಿತು, ಬಾಕಿ ಪುಟ ಖಾಲಿಯಿತ್ತು. ಹಳೆಯ ಸೆನ್ಸರನ್ನು ಮತ್ತೆ ಹಾಕಿಸಿ, ಆರು ಸಾವಿರದ ಹೊಸದನ್ನು ಅದರ ಡಬ್ಬಿಯಲ್ಲೇ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ.